ಬರಗಾಲದಲ್ಲಿ ಎಲೆಯ ಬಾಗಿಲು: ಬಂಡೀಪುರ–ಮುದುಮಲೆ ಕಾಡಿನ ಮರಗಳ ನೀರಿನ ವ್ಯವಹಾರ

(ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳ ಬದಲು ಇಲ್ಲಿ ವಿವರಣೆ ಸೇರಿಸಿದೆ. ಕೊನೆಯಲ್ಲಿ ಸಭೆಯ ಪ್ರಶ್ನೆಗಳಿವೆ.)

ನಮಸ್ಕಾರ. ಮಾತು ಶುರು ಮಾಡುವ ಮೊದಲು ಮೇಜಿನ ಮೇಲಿರುವ ಎರಡು ಎಲೆ ನೋಡಿ. ಒಂದು ತೇಗದ್ದು. ನೆಲದಿಂದ ಎತ್ತಿಕೊಂಡು ಬಂದದ್ದು, ಹಪ್ಪಳದ ಹಾಗೆ ಒಣಗಿದೆ. ಇನ್ನೊಂದು ಹೊಂಗೆಯದು, ಎಣ್ಣೆ ಸವರಿದ ಹಾಗೆ ಹೊಳೆಯುವ ಎಳೆ ಎಲೆ. ಎರಡೂ ಏಪ್ರಿಲ್ ತಿಂಗಳವು. ಎರಡು ಮರಗಳೂ ಡಿಸೆಂಬರ್‌ನಿಂದ ಈಚೆಗೆ ಹೇಳಿಕೊಳ್ಳುವಂಥ ಮಳೆ ಕಂಡಿಲ್ಲ. ಅದೇ ಬಿಸಿಲು, ಅದೇ ಗಾಳಿ. ಒಂದು ಮರ ಅಂಗಡಿಗೆ ಬೀಗ ಹಾಕಿ ಕೂತಿದೆ, ಇನ್ನೊಂದು ಹೊಸದಾಗಿ ಅಂಗಡಿ ತೆರೆದಿದೆ. ಇದು ಹೇಗೆ ಎಂಬುದನ್ನು ಬಿಡಿಸಿದರೆ ಇವತ್ತಿನ ಮಾತಿನ ಬಹುಪಾಲು ಮುಗಿದ ಹಾಗೆ.

ಬರಗಾಲದಲ್ಲಿ ಮರ ನೀರು ಉಳಿಸುತ್ತದೆ ಎಂದು ಪಾಠದಲ್ಲಿ ಓದಿರುತ್ತೀರಿ. ಮಾತು ಸುಳ್ಳಲ್ಲ, ಆದರೆ ಅರ್ಧ. ನೀರು ಮರದ ಕೈಯಲ್ಲಿರುವ ದುಡ್ಡು. ಅದನ್ನು ಕೊಟ್ಟು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಕೊಳ್ಳುತ್ತದೆ. ದರ ಮಾತ್ರ ವಿಪರೀತ. ಎಲೆಯ ಮೇಲಿನ ಸೂಕ್ಷ್ಮ ರಂಧ್ರದಿಂದ ಆ ಅನಿಲದ ಒಂದು ಅಣು ಒಳಗೆ ಬರುವಷ್ಟರಲ್ಲಿ ಅದೇ ರಂಧ್ರದಿಂದ 200ರಿಂದ 400 ನೀರಿನ ಅಣುಗಳು ಹೊರಗೆ ಹೋಗಿರುತ್ತವೆ. ಇದು ಸಾಧಾರಣ ದಿನದ ದರ; ಒಣ ಗಾಳಿಯಲ್ಲಿ ಇನ್ನೂ ಏರುತ್ತದೆ. ವ್ಯಾಪಾರ ಪೂರ್ತಿ ನಿಲ್ಲಿಸಿದರೆ ನೀರು ಉಳಿಯುತ್ತದೆ, ಆದರೆ ಹೊಟ್ಟೆಗಿಲ್ಲ. ನಡೆಸುತ್ತಲೇ ಹೋದರೆ ಹೊಟ್ಟೆ ತುಂಬುತ್ತದೆ, ಆದರೆ ನೀರು ಸಾಗಿಸುವ ಒಳಗಿನ ಕೊಳವೆ ಕೆಡುತ್ತದೆ. ಎಷ್ಟು ಹೊತ್ತು ನಡೆಸಬೇಕು, ಯಾವಾಗ ಕದ ಹಾಕಬೇಕು ಎಂಬುದಕ್ಕೆ ಒಂದೊಂದು ಜಾತಿಯ ಮರ ಒಂದೊಂದು ಉತ್ತರ ಕಂಡುಕೊಂಡಿದೆ.

ಮೊದಲು ಗಿರಾಕಿಯನ್ನು, ಅಂದರೆ ಗಾಳಿಯನ್ನು ನೋಡೋಣ. ಜುಲೈನ ಒಂದು ದಿನ, ಉಷ್ಣತೆ 25 ಡಿಗ್ರಿ, ತೇವಾಂಶ ನೂರಕ್ಕೆ 80. ಆ ಗಾಳಿ ಇನ್ನು 0.6 ಕಿಲೋಪಾಸ್ಕಲ್‌ನಷ್ಟು ಆವಿಯನ್ನು ಹೀರಬಲ್ಲದು (ಕಿಲೋಪಾಸ್ಕಲ್ ಎಂಬುದು ಒತ್ತಡದ ಅಳತೆ). ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ, ತೇವಾಂಶ ನೂರಕ್ಕೆ 25 ಎಂದುಕೊಳ್ಳಿ. ಈಗ ಕೊರತೆ ಸುಮಾರು 4.5 ಕಿಲೋಪಾಸ್ಕಲ್. ಏಳು ಪಟ್ಟು ಹೆಚ್ಚು! ಎಲೆಯ ರಂಧ್ರ ಜುಲೈನಲ್ಲಿದ್ದಷ್ಟೇ ತೆರೆದಿದ್ದರೆ ನೀರೂ ಏಳು ಪಟ್ಟು ಹೋಗಬೇಕು. ಮಣ್ಣಿನಲ್ಲಿ ನೀರಿದ್ದರೂ ಅಷ್ಟನ್ನು ಮೇಲೆ ತಂದು ಹಾಕುವ ಶಕ್ತಿ ಕೊಳವೆಗಳಿಗಿಲ್ಲ. ಆದ್ದರಿಂದ ಬರ ಎಂದರೆ ಮಣ್ಣು ಒಣಗುವುದು ಮಾತ್ರ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎಷ್ಟೋ ಸಲ ಮರ ಮೊದಲು ಜಗಳಕ್ಕಿಳಿಯುವುದು ಗಾಳಿಯ ಜೊತೆ.

ಇನ್ನೊಂದು ವಿಷಯ ಹಲವರಿಗೆ ಹೊಸದು. ಎಲೆ ಬಾಡಿದರೆ ಅದರೊಳಗಿನ ಗಾಳಿಯೂ ಒಣಗಿ, ನೀರು ಹೋಗುವುದು ತಾನಾಗಿ ಕಡಿಮೆಯಾಗುತ್ತದೆ ಎಂದು ತೋರುತ್ತದೆ. ಹಾಗಾಗುವುದಿಲ್ಲ. ಗಿಡದೊಳಗಿನ ನೀರಿನ ಎಳೆತವನ್ನು ಮೆಗಾಪಾಸ್ಕಲ್‌ನಲ್ಲಿ ಅಳೆಯುತ್ತಾರೆ (ಸಾವಿರ ಕಿಲೋಪಾಸ್ಕಲ್‌ಗೆ ಒಂದು), ಎಳೆತವಾದ್ದರಿಂದ ಮೈನಸ್ ಗುರುತು. ಬಹಳಷ್ಟು ಬೆಳೆಗಳು ಬಾಡಿ ಮಲಗುವ ಮಟ್ಟ, ಅಂದರೆ −1.5 ಮೆಗಾಪಾಸ್ಕಲ್‌ಗೆ ಬಂದ ಎಲೆಯೊಳಗೂ ತೇವಾಂಶ ನೂರಕ್ಕೆ 99ರ ಹತ್ತಿರವೇ ಇರುತ್ತದೆ. ಎಲೆ ಬಾಡಿದೆ ಎಂದು ಗಾಳಿ ತನ್ನ ಎಳೆತವನ್ನು ಒಂದಿಷ್ಟೂ ಸಡಿಲಿಸದು. ಆದ್ದರಿಂದ ಮರದ ಕೈಯಲ್ಲಿರುವ ಹಿಡಿತವೆಲ್ಲ ಬಾಗಿಲಲ್ಲೇ, ಅಂದರೆ ಎಲೆಯ ರಂಧ್ರಗಳಲ್ಲೇ ಇದೆ.

ಆ ಬಾಗಿಲನ್ನು ಮನೆಯಲ್ಲೂ ನೋಡಬಹುದು. ಬೆಳಿಗ್ಗೆ 8ರಿಂದ 9ರ ಒಳಗೆ ಬಲಿತ ಹೊಂಗೆ ಎಲೆ ತಂದುಕೊಳ್ಳಿ. ಹೆಚ್ಚಿನ ಕಾಡುಮರಗಳಲ್ಲಿ ರಂಧ್ರಗಳಿರುವುದು ಎಲೆಯ ಅಡಿಯಲ್ಲಿ. ಅಲ್ಲಿ, ದಪ್ಪ ನರ ಬಿಟ್ಟು, ಬೆರಳ ಉಗುರಿನಷ್ಟು ಜಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, 10 ನಿಮಿಷ ಆರಲು ಬಿಡಿ. ಮೇಲೆ ಸೆಲ್ಲೋಟೇಪ್ ಒತ್ತಿ, ನಿಧಾನವಾಗಿ ಎಬ್ಬಿಸಿ, ಗಾಜಿನ ಸ್ಲೈಡಿಗೆ ಅಂಟಿಸಿ. 40 ಪಟ್ಟಿನ ಆಬ್ಜೆಕ್ಟಿವ್, 10 ಪಟ್ಟಿನ ಐಪೀಸ್ ಇರುವ ಕಾಲೇಜು ಮೈಕ್ರೋಸ್ಕೋಪ್ ಸಾಕು. ಐಪೀಸ್ ಮೇಲೆ 18 ಎಂದು ಬರೆದಿದ್ದರೆ ಕಾಣುವ ವೃತ್ತದ ಅಗಲ 18 ಭಾಗಿಸು 40, ಅಂದರೆ 0.45 ಮಿಲಿಮೀಟರ್, ವಿಸ್ತೀರ್ಣ ಸುಮಾರು 0.16 ಚದರ ಮಿಲಿಮೀಟರ್. ಆ ವೃತ್ತದಲ್ಲಿ 30 ರಂಧ್ರ ಎಣಿಸಿದಿರಾದರೆ ಚದರ ಮಿಲಿಮೀಟರಿಗೆ 190ರ ಆಸುಪಾಸು. ಒಂದು ಎಲೆಯಲ್ಲಿ ಐದಾರು ಕಡೆ ಎಣಿಸಿ ಸರಾಸರಿ ತೆಗೆಯಬೇಕು. ತುದಿ, ನಡು, ಅಂಚುಗಳಲ್ಲಿ ಎಣಿಕೆ ಬೇರೆಬೇರೆ ಬರುತ್ತದೆ.

ತಪ್ಪಾಗುವುದು ಎಲ್ಲಿ? ಪಾಲಿಶ್ ದಪ್ಪವಾದರೆ ಎಬ್ಬಿಸುವಾಗ ಹರಿಯುತ್ತದೆ. ತೇಗದ ಎಲೆಗೆ ಹಚ್ಚಿದರೆ ಅಡಿಭಾಗದ ರೋಮಗಳ ಅಚ್ಚು ಬಿಟ್ಟು ಬೇರೇನೂ ಸಿಗದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಅಚ್ಚು ಎಣಿಕೆಗೆ ನಂಬಿಕಸ್ಥ, ರಂಧ್ರ ಎಷ್ಟು ತೆರೆದಿದೆ ಎಂಬುದಕ್ಕೆ ಅಲ್ಲ. ಪಾಲಿಶ್ ಹಿಡಿಯುವುದು ಹೊರಗಿನ ಮೇಣದ ತುಟಿಯ ಆಕಾರವನ್ನು. ಒಳಗಿನ ಕಿಂಡಿ ಮುಚ್ಚಿದ್ದರೂ ಹೊರ ತುಟಿ ತೆರೆದ ಹಾಗೆ ಕಾಣಬಹುದು. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಈ ತಪ್ಪು ಸಾಮಾನ್ಯ.

ಒಂದೊಂದು ಪತ್ರರಂಧ್ರಕ್ಕೂ ಎರಡು ಕಾವಲು ಕೋಶಗಳು, ಎದುರುಬದುರಾಗಿ ಇಟ್ಟ ಎರಡು ಹುರುಳಿಕಾಯಿ ಬೀಜಗಳ ಹಾಗೆ. ಬೆಳಕು ಬಿದ್ದೊಡನೆ ಕೋಶದ ಪೊರೆಯಲ್ಲಿರುವ ಪಂಪು ಹೈಡ್ರೋಜನ್ ಅಯಾನುಗಳನ್ನು ಹೊರಗೆ ದೂಡುತ್ತದೆ, ಪೊಟ್ಯಾಸಿಯಂ ಒಳಗೆ ಬರುತ್ತದೆ, ಜೊತೆಗೆ ಕ್ಲೋರೈಡ್, ಮ್ಯಾಲೇಟ್ ಸೇರುತ್ತವೆ. ಉಪ್ಪು ಸೇರಿದಲ್ಲಿಗೆ ನೀರು. ಕೋಶ ಉಬ್ಬುತ್ತದೆ. ಅದರ ಗೋಡೆಯ ನಾರುಗಳು ಸೈಕಲ್ ಟ್ಯೂಬಿಗೆ ದಾರ ಸುತ್ತಿದ ಹಾಗೆ ಅಡ್ಡಡ್ಡ ಇರುವುದರಿಂದ ಅದು ದಪ್ಪವಾಗಲಾರದೆ ಉದ್ದವಾಗಿ, ಬಾಗಿ ನಿಲ್ಲುತ್ತದೆ. ನಡುವೆ ಕಿಂಡಿ ತೆರೆಯುತ್ತದೆ.

ಮುಚ್ಚುವ ಆಜ್ಞೆ ಕೊಡುವುದು ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು. ಎಲೆಯ ಉಬ್ಬರ ತಗ್ಗಿದ ಕೂಡಲೇ ಇದರ ತಯಾರಿ ಜೋರಾಗುತ್ತದೆ. ಇದನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳು ಯಾವುವು ಎಂಬುದು ಖಚಿತವಾದದ್ದು 2009ರಲ್ಲಿ. ಅದರ ಹಿಂದಿನ ವರ್ಷ, 2008ರಲ್ಲಿ, ಕೊನೆಯ ಬಾಗಿಲು, ಅಂದರೆ ಋಣ ಅಯಾನುಗಳು ಹೊರಗೆ ಹೋಗುವ ಕಾಲುವೆ ಸಿಕ್ಕಿತ್ತು. ಆಮ್ಲ ಗ್ರಾಹಕಕ್ಕೆ ಕೂತರೆ ತಡೆ ಹಿಡಿದಿದ್ದ ಕಿಣ್ವ ಸುಮ್ಮನಾಗುತ್ತದೆ, ಅದರ ಹಿಡಿತದಲ್ಲಿದ್ದ ಇನ್ನೊಂದು ಕಿಣ್ವ ಬಿಡುಗಡೆಯಾಗಿ ಆ ಕಾಲುವೆಯನ್ನು ತೆರೆಯುತ್ತದೆ. ಕ್ಲೋರೈಡ್ ಹೊರಗೆ, ಅದರ ಹಿಂದೆ ಪೊಟ್ಯಾಸಿಯಂ, ಅದರ ಹಿಂದೆ ನೀರು. ಕೆಲವೇ ನಿಮಿಷಗಳಿಂದ ಅರ್ಧ ಗಂಟೆಯೊಳಗೆ ಕಿಂಡಿ ಮುಚ್ಚುತ್ತದೆ. ಈ ಆಮ್ಲ ಬೇರಿನಲ್ಲಿ ತಯಾರಾಗಿ ಮೇಲೆ ಬರುವ ಕಾಗದ ಎಂದು ಬಹಳ ಕಾಲ ನಂಬಿದ್ದರು. ಟೊಮೇಟೊದಲ್ಲಿ ಆಮ್ಲ ತಯಾರಿಸಲಾಗದ ಬೇರಿಗೆ ಸರಿಯಾದ ಕಾಂಡ ಕಸಿ ಮಾಡಿ ನೋಡಿದರೆ, ಮಣ್ಣು ಒಣಗಿದಾಗ ಎಲೆ ಸರಿಯಾಗಿಯೇ ಕದ ಹಾಕಿತು. ಎಲೆಯ ತೀರ್ಮಾನ ಎಲೆಯದೇ. 20 ಮೀಟರ್ ಎತ್ತರದ ಮರಕ್ಕೆ ಬುಡದಿಂದ ಬರುವ ಕಾಗದಕ್ಕೆ ಕಾಯುತ್ತ ಕೂರುವುದು ಆಗುವ ಮಾತೂ ಅಲ್ಲ.

ಈಗ ಕೊಳವೆಗಳು. ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾವಿಯ ದಂಡೆಯ ಮೇಲಿಟ್ಟ ಪಂಪು 7–8 ಮೀಟರಿಗಿಂತ ಆಳದಿಂದ ನೀರು ಎಳೆಯಲು ಒದ್ದಾಡುತ್ತದೆ. ಎಲ್ಲೋ ಒಂದು ಸಣ್ಣ ಬಿರುಕಿದ್ದರೆ ಏರ್ ಹಿಡಿದು ನಿಂತೇಹೋಗುತ್ತದೆ. ಮರದಲ್ಲಿ ಪಂಪಿಲ್ಲ. ಎಲೆಯಲ್ಲಿ ನೀರು ಆವಿಯಾದಂತೆ ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಎಳೆ ಬೇರಿನವರೆಗೆ ಸೆಳೆಯುತ್ತದೆ. ಡಿಕ್ಸನ್ ಮತ್ತು ಜೋಲಿ ಎಂಬ ಐರಿಷ್ ವಿಜ್ಞಾನಿಗಳು 1894ರಲ್ಲಿ ಹೇಳಿದ್ದು ಇದನ್ನೇ. ಬರೀ ಎತ್ತರಕ್ಕೆ ಬೇಕಾಗುವ ಎಳೆತ ಚಿಲ್ಲರೆ: 10 ಮೀಟರಿಗೆ 0.1 ಮೆಗಾಪಾಸ್ಕಲ್. ಒಣ ಮಣ್ಣಿನಿಂದ ನೀರು ಕೀಳುವುದಕ್ಕೆ ಬೇಕಾಗುವುದು ಅದರ ಹತ್ತಿಪ್ಪತ್ತು ಪಟ್ಟು. −2 ಮೆಗಾಪಾಸ್ಕಲ್ ಎಂದರೆ ಕಾರಿನ ಟೈರಿನಲ್ಲಿ ತುಂಬುವ ಗಾಳಿಯ ಒತ್ತಡದ ಒಂಬತ್ತು ಪಟ್ಟು, ಅದೂ ಎಳೆತದ ದಿಕ್ಕಿನಲ್ಲಿ. ಎಳೆತ ಒಂದು ಮಿತಿ ದಾಟಿದರೆ ಪಕ್ಕದ ಒಣ ಕೊಳವೆಯಿಂದ, ನಡುವಿನ ಸೂಕ್ಷ್ಮ ಜರಡಿಯ ಮೂಲಕ ಗಾಳಿಯ ಗುಳ್ಳೆ ನುಗ್ಗುತ್ತದೆ. ಕೊಳವೆಗೆ ಏರ್ ಹಿಡಿಯಿತು. ಉಳಿದ ಕೊಳವೆಗಳ ಮೇಲೆ ಭಾರ ಹೆಚ್ಚಿತು, ಅವೂ ಒಂದೊಂದಾಗಿ ಕೈಬಿಡುತ್ತವೆ.

ಯಾವ ಎಳೆತದಲ್ಲಿ ಅರ್ಧದಷ್ಟು ಸಾಗಣೆ ನಿಲ್ಲುತ್ತದೆ ಎಂಬುದು ಜಾತಿಯಿಂದ ಜಾತಿಗೆ ಬೇರೆ. 2012ರಲ್ಲಿ ಜಗತ್ತಿನ 81 ತಾಣಗಳ 226 ಕಾಡುಮರ ಜಾತಿಗಳ ಲೆಕ್ಕ ಒಟ್ಟು ಮಾಡಿದಾಗ, ನೂರಕ್ಕೆ 70 ಜಾತಿಗಳು ಅಪಾಯದ ಗೆರೆಯಿಂದ ಒಂದು ಮೆಗಾಪಾಸ್ಕಲ್‌ಗಿಂತ ಕಡಿಮೆ ಅಂತರದಲ್ಲೇ ಬದುಕುತ್ತಿರುವುದು ಕಂಡಿತು. ಮಳೆಕಾಡಿನದೂ ಹಾಗೇ, ಒಣಕಾಡಿನದೂ ಹಾಗೇ. ನಮ್ಮ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ನಿದ್ದೆಗೆಡಿಸುವ ಅಂಕಿ ಇನ್ನೊಂದಿಲ್ಲ. ಒಣಕಾಡಿನ ಮರ ಬರಕ್ಕೆ ಒಗ್ಗಿಕೊಂಡಿದೆ, ಅದಕ್ಕೇನೂ ಆಗದು ಎಂಬ ಧೈರ್ಯ ಅಲ್ಲಿಗೆ ಕರಗುತ್ತದೆ.

ಎಳೆತವನ್ನು ಅಳೆಯುವ ಉಪಕರಣ ಪ್ರೆಷರ್ ಚೇಂಬರ್. ಶೋಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಮನೆಯ ಪ್ರೆಷರ್ ಕುಕ್ಕರಿನಂಥ ದಪ್ಪ ಉಕ್ಕಿನ ಡಬ್ಬ, ಮುಚ್ಚಳದ ನಡುವೆ ರಬ್ಬರ್ ಗ್ಯಾಸ್ಕೆಟ್, ನೈಟ್ರೋಜನ್ ಸಿಲಿಂಡರ್, ಮೀಟರ್. ಎಲೆಯನ್ನು ಮೊದಲು ಅಲ್ಯುಮಿನಿಯಂ ಹಾಳೆ ಸುತ್ತಿದ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ, ಆಮೇಲೆ ಹೊಸ ಬ್ಲೇಡಿನಿಂದ ತೊಟ್ಟನ್ನು ಒಂದೇ ಏಟಿಗೆ ಕೊಯ್ಯಬೇಕು. ಕೊಯ್ದ ಕ್ಷಣ ಎಳೆತದಲ್ಲಿದ್ದ ನೀರು ರಬ್ಬರ್ ಬಿಟ್ಟ ಹಾಗೆ ಒಳಕ್ಕೆ ಸರಿಯುತ್ತದೆ. ಎಲೆ ಡಬ್ಬದೊಳಗೆ, ತೊಟ್ಟಿನ ತುದಿ ಗ್ಯಾಸ್ಕೆಟ್‌ನಿಂದ ಹೊರಗೆ ಇರುವಂತೆ ಬಿಗಿದು, ಸೆಕೆಂಡಿಗೆ 0.02 ಮೆಗಾಪಾಸ್ಕಲ್‌ನಂತೆ ಒತ್ತಡ ಏರಿಸುತ್ತ ಭೂತಗಾಜಿನಲ್ಲಿ ತುದಿ ನೋಡಬೇಕು. ಒಣಗಿ ಮಂಕಾಗಿದ್ದ ಕೊಯ್ತ ಒಮ್ಮೆಲೇ ಕಪ್ಪಾಗಿ ಒದ್ದೆಯಾಗಿ ಮಿನುಗುತ್ತದೆ. ಆಗಿನ ಒತ್ತಡಕ್ಕೆ ಮೈನಸ್ ಹಾಕಿದರೆ ಎಲೆಯಲ್ಲಿದ್ದ ಎಳೆತ.

ಹೇಳುವಷ್ಟು ಸುಲಭ ಇಲ್ಲ. ತೊಟ್ಟನ್ನು ಎರಡನೇ ಸಲ ಕೊಯ್ದರೆ ಓದು ಕೆಡುತ್ತದೆ. ಒತ್ತಡ ಅವಸರದಲ್ಲಿ ಏರಿಸಿದರೆ ನಿಜವಾದ ಬಿಂದು ದಾಟಿದ ಮೇಲೆ ಕಾಣುತ್ತದೆ, ಮರ ಇರುವುದಕ್ಕಿಂತ ಒಣಗಿದಂತೆ ಲೆಕ್ಕ ಬರುತ್ತದೆ. ಆಲ, ಬಸರಿ, ಅತ್ತಿಯಂಥ ಹಾಲು ಬರುವ ಮರಗಳಲ್ಲಿ ಮೊದಲು ಹೊರಬರುವುದು ಹಾಲು. ಫಿಲ್ಟರ್ ಪೇಪರಿನಿಂದ ಒತ್ತಿ ತೆಗೆದು, ಆಮೇಲೆ ಬರುವ ತಿಳಿನೀರಿಗೆ ಕಾಯಬೇಕು. ನೊರೆ ಗುಳ್ಳೆ ಎದ್ದರೆ ಅದು ತೊಟ್ಟಿನ ಗಾಳಿ ಸಂದುಗಳಿಂದ ಬಂದದ್ದು, ನೀರಲ್ಲ. ತೇಗದ ಬಲಿತ ಎಲೆ ಡಬ್ಬದಲ್ಲಿ ಹಿಡಿಸದು, ಮಡಚಿದರೆ ನಡುನರ ಮುರಿದು ಸೋರುತ್ತದೆ. ಅಲ್ಲಿ ಚಿಕ್ಕ ಎಲೆಯನ್ನೇ ಹುಡುಕಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ, ಮುಖವನ್ನು ನೇರ ಮೇಲಿಡಬಾರದು. ಗ್ಯಾಸ್ಕೆಟ್ ಸಡಿಲವಿದ್ದರೆ ತೊಟ್ಟು ಗುಂಡಿನ ಹಾಗೆ ಹಾರುತ್ತದೆ.

ಒಂದೇ ಮರದಲ್ಲಿ ದಿನಕ್ಕೆ ಎರಡು ಸಲ ಅಳೆಯುತ್ತೇವೆ. ಬೆಳಕು ಹರಿಯುವ ಮೊದಲು ಒಮ್ಮೆ, ಮಧ್ಯಾಹ್ನ 12ರಿಂದ 2ರೊಳಗೆ ಇನ್ನೊಮ್ಮೆ. ರಾತ್ರಿಯೆಲ್ಲ ಕದ ಹಾಕಿದ್ದ ಎಲೆ ಬೆಳಗಿನ ಜಾವಕ್ಕೆ ಬೇರಿನ ಸುತ್ತಲಿನ ಮಣ್ಣಿನ ಮಟ್ಟಕ್ಕೆ ಬಂದಿರುತ್ತದೆ, ಹಾಗಾಗಿ ಮೊದಲ ಅಂಕಿ ಮಣ್ಣಿನ ಕಥೆ ಹೇಳುತ್ತದೆ. ಎರಡನೆಯದು ಮರದ ಸ್ವಭಾವ ಹೇಳುತ್ತದೆ. (ಬಂಡೀಪುರದಂಥ ಆನೆ ಕಾಡಿನಲ್ಲಿ ಬೆಳಗಿನ ಜಾವದ ಅಳತೆ ಎಂದರೆ ಇಲಾಖೆಯ ಅನುಮತಿ, ಜೊತೆಗೆ ದಾರಿ ಬಲ್ಲ ವಾಚರ್ ಎರಡೂ ಇರಲೇಬೇಕು.)

ಸ್ವಭಾವ ಎಂದೆವು. ಉದಾಹರಣೆಗೆ ಎರಡು ಮರ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಎರಡರದೂ ಜಾವದ ಅಂಕಿ −0.6 ಮೆಗಾಪಾಸ್ಕಲ್, ಮಧ್ಯಾಹ್ನದ್ದು −1.8. ಮಾರ್ಚ್‌ನಲ್ಲಿ ಎರಡರದೂ ಜಾವದ ಅಂಕಿ −1.4ಕ್ಕೆ ಇಳಿದಿದೆ. ಮೊದಲ ಮರದ ಮಧ್ಯಾಹ್ನದ ಅಂಕಿ −1.9ರಲ್ಲೇ ನಿಂತಿದೆ: ಬೆಳಿಗ್ಗೆ 9ಕ್ಕೇ ಕದ ಹಾಕಿದೆ, ಎಳೆತ ಏರಲು ಬಿಟ್ಟಿಲ್ಲ. ಎರಡನೆಯದರದು −3.0: ವ್ಯಾಪಾರ ನಡೆಸುತ್ತಲೇ ಇದೆ. ಮೊದಲನೆಯದು ಜಾಗರೂಕ ಮರ, ಎರಡನೆಯದು ಸಾಹಸಿ ಮರ. ಶಾಸ್ತ್ರದಲ್ಲಿ ಐಸೋಹೈಡ್ರಿಕ್, ಅನೈಸೋಹೈಡ್ರಿಕ್ ಎಂದು ಹೆಸರಿದೆ. ಯಾವುದು ಗೆಲ್ಲುತ್ತದೆ? ಅಮೆರಿಕದ ನೈಋತ್ಯದ ಒಣ ಬೆಟ್ಟಗಳಲ್ಲಿ 2000ದಿಂದ 2003ರವರೆಗಿನ ಬರದಲ್ಲಿ ಜಾಗರೂಕ ಪಿನ್ಯನ್ ಪೈನ್ ರಾಶಿರಾಶಿಯಾಗಿ ಸತ್ತಿತು. ಪಕ್ಕದಲ್ಲೇ ಇದ್ದ ಸಾಹಸಿ ಜೂನಿಪರ್ ಹೆಚ್ಚಾಗಿ ಉಳಿಯಿತು. ತಿಂಗಳುಗಟ್ಟಲೆ ಕದ ಹಾಕಿದ ಪೈನ್‌ಗೆ ಉಣ್ಣಲು ಸಿಗಲಿಲ್ಲ, ತೊಗಟೆ ಕೊರೆಯುವ ಜೀರುಂಡೆಯನ್ನು ತಡೆಯುವ ಅಂಟು ಸುರಿಸುವ ಶಕ್ತಿ ಉಳಿಯಲಿಲ್ಲ ಎಂಬುದು ವಿಜ್ಞಾನಿಗಳ ವಿವರಣೆ. ಜೂನಿಪರ್‌ನ ಕೊಳವೆಗಳು ಬಲು ಗಟ್ಟಿ, ಅದಕ್ಕೇ ಸಾಹಸ ದಕ್ಕಿತು. ಅದೇ ಸಾಹಸವನ್ನು ದುರ್ಬಲ ಕೊಳವೆಯ ಮರ ಮಾಡಿದ್ದರೆ ಮೊದಲು ಸಾಯುವುದು ಅದೇ.

ಕದ ಹಾಕಿದ ಮೇಲೆ ಮರ ಸುರಕ್ಷಿತ ಎಂದುಕೊಳ್ಳುವಂತಿಲ್ಲ. ಎಲೆಯ ಹೊರಮೇಣ ಸೋರುತ್ತದೆ. ಇದನ್ನು ಅಡುಗೆಮನೆಯ ತಕ್ಕಡಿಯಲ್ಲಿ ನೋಡಲಾಗದು, ಆದರೆ ಅಕ್ಕಸಾಲಿಗರಂತೆ ಮಿಲಿಗ್ರಾಂ ತೂಗುವ ತಕ್ಕಡಿ ಸಾಕು. ರಾತ್ರಿಯೆಲ್ಲ ತೊಟ್ಟನ್ನು ನೀರಿನಲ್ಲಿಟ್ಟು ಎಲೆಯನ್ನು ತುಂಬಿಸಿ, ಒರೆಸಿ, ತೊಟ್ಟಿನ ಬಾಯಿಗೆ ಕರಗಿದ ಮೇಣ ಹಚ್ಚಿ, ಫ್ಯಾನ್ ಕೆಳಗೆ ದಾರಕ್ಕೆ ತೂಗುಹಾಕಿ. ಮೊದಲ ಒಂದು ಗಂಟೆ 10 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ತೂಗಿ ಗ್ರಾಫ್ ಹಾಕಿದರೆ ಗೆರೆ ಮೊದಲು ಕಡಿದಾಗಿ ಇಳಿದು, ಆಮೇಲೆ ತಟ್ಟನೆ ಮಂದವಾಗುತ್ತದೆ. ತಿರುವು ಬಂದದ್ದು ಕದ ಮುಚ್ಚಿದ ಹೊತ್ತು. ಆ ನಂತರದ ಮಂದ ಗೆರೆಯೇ ಸೋರಿಕೆ. ತೆರೆದಿದ್ದಾಗಿನ ಹರಿವಿಗೆ ಹೋಲಿಸಿದರೆ ನೂರರಲ್ಲಿ ಕೆಲವೇ ಪಾಲು, ಆದರೆ ಹಗಲು ರಾತ್ರಿ ನಿಲ್ಲುವುದಿಲ್ಲ. ಬಿಸಿ ಏರಿದರೆ ಮೇಣ ಸಡಿಲಾಗಿ ಇನ್ನಷ್ಟು ಸೋರುತ್ತದೆ. ಅದರ ಮೇಲೆ ಇನ್ನೊಂದು ಪೆಟ್ಟು: ಬೆವರು ನಿಂತ ಎಲೆ ಬಿಸಿಯಾಗುತ್ತದೆ. ನೆಲ್ಲಿ, ಜಾಲಿಯಂಥ ಸಣ್ಣ ಎಲೆಗಳ ಶಾಖವನ್ನು ಗಾಳಿಯೇ ಒಯ್ಯುತ್ತದೆ. ತೇಗದ ಅಗಲ ಎಲೆಯ ಮೇಲೆ ನಿಂತ ಗಾಳಿಯ ಪದರ ದಪ್ಪ, ಗಾಳಿ ಆಡದ ಮಧ್ಯಾಹ್ನ ಎಲೆ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಇಷ್ಟು ಅಗಲದ ಎಲೆ ಇಟ್ಟುಕೊಂಡು ಏಪ್ರಿಲ್ ಕಳೆಯಲಾಗದು. ಮೇಜಿನ ಮೇಲಿನ ಮೊದಲ ಎಲೆ ನೆಲಕ್ಕೆ ಬಿದ್ದದ್ದು ಈ ಲೆಕ್ಕಕ್ಕೇ.

ಎಲೆ ಉದುರಿಸುವುದು ಸೋಲಿನ ಲಕ್ಷಣ ಅಲ್ಲ. ಬಾಗಿಲು ಸೋರುತ್ತಿದ್ದರೆ ಗೋಡೆಯನ್ನೇ ಕೆಡವಿದ ಹಾಗೆ. ಉದುರಿಸುವ ಮುನ್ನ ಎಲೆಯಲ್ಲಿದ್ದ ಸಾರಜನಕ, ರಂಜಕದಲ್ಲಿ ಸುಮಾರು ಅರ್ಧ ಭಾಗವನ್ನು ಕೊಂಬೆಗೆ ವಾಪಸು ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಬಿರಡೆಯಂಥ ಪದರ ಕಟ್ಟಿ, ಆಮೇಲೆ ಕೈಬಿಡುತ್ತದೆ. ಕಾಡಿನಲ್ಲಿ ನಡೆಯುವವರು ಗಮನಿಸಬೇಕಾದ ಗುರುತು ಇಲ್ಲಿದೆ. ಹಳದಿಯಾಗಿ, ತೊಟ್ಟು ಸಮೇತ ಬಿದ್ದು, ಕೊಂಬೆಯ ಮೇಲೆ ನುಣ್ಣನೆ ಗುರುತು ಬಿಟ್ಟ ಎಲೆ ಕ್ರಮವಾಗಿ ಕಳಚಿದ್ದು. ಹಸಿರಾಗಿದ್ದಾಗಲೇ ಗರಿಗರಿ ಒಣಗಿ, ಎಳೆದರೂ ಬಾರದೆ ಕೊಂಬೆಗೇ ನೇತಾಡುವ ಎಲೆ ಅಪಾಯದ ಗುರುತು. ಕಳಚುವ ಕೆಲಸ ಮುಗಿಸುವಷ್ಟರಲ್ಲಿ ಕೊಳವೆಗೆ ಏರ್ ಹಿಡಿದಿದೆ.

ತೇಗ ನೆಡುವವರು ಈ ಲೆಕ್ಕವನ್ನು ಬಹಳ ಹಿಂದೆಯೇ ಕೈಗೆ ತಂದುಕೊಂಡಿದ್ದಾರೆ. ನರ್ಸರಿಯ ಸಸಿ ಕಿತ್ತು, ತಾಯಿಬೇರನ್ನು 15–20 ಸೆಂಟಿಮೀಟರ್ ಉಳಿಸಿ, ಕಾಂಡವನ್ನು ಎರಡು ಮೂರು ಸೆಂಟಿಮೀಟರ್‌ಗೆ ಕತ್ತರಿಸಿ, ಎಲೆಯೇ ಇಲ್ಲದ 'ಸ್ಟಂಪ್' ನೆಡುತ್ತಾರೆ. ಬೆರಳಷ್ಟು ದಪ್ಪ ಇದ್ದರೆ ಒಳ್ಳೆಯದು. ಬೇರು ಮಣ್ಣು ಹಿಡಿಯುವ ಮೊದಲು ನೀರು ಕೇಳುವ ಎಲೆ ಮೇಲೆ ಇಲ್ಲ.

ಇನ್ನು ಎರಡನೇ ಎಲೆ. ಹೊಂಗೆಗೆ ಏಪ್ರಿಲ್‌ನಲ್ಲಿ ನೀರು ಎಲ್ಲಿಂದ ಬಂತು? ಒಂದು ಮೂಲ ಮರದ ಮೈ. ಹಳೆ ಎಲೆ ಉದುರಿದೊಡನೆ ಖರ್ಚು ನಿಲ್ಲುತ್ತದೆ, ಬೇರು ತರುವ ಅಲ್ಪ ನೀರು ಕಾಂಡದಲ್ಲಿ ಮತ್ತೆ ತುಂಬುತ್ತದೆ, ಆ ಬಂಡವಾಳದಲ್ಲಿ ಚಿಗುರು ಬರುತ್ತದೆ. ಕಾಂಡದಲ್ಲಿ ನೀರು ಕೂಡಿಡುವುದಕ್ಕೆ ಮತ್ತಿ ಮರ ಹೆಸರುವಾಸಿ. 2024ರ ಮಾರ್ಚ್‌ನಲ್ಲಿ ಆಂಧ್ರದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಸಿಬ್ಬಂದಿ ಮತ್ತಿಯ ತೊಗಟೆ ಕೊಯ್ದಾಗ ನೀರು ಚಿಮ್ಮಿದ ವಿಡಿಯೊ ನೀವೂ ನೋಡಿರಬಹುದು. ಅದು ಅಲ್ಲಿನ ಕೊಂಡರೆಡ್ಡಿ ಬುಡಕಟ್ಟಿನವರಿಗೆ ಮೊದಲೇ ಗೊತ್ತಿದ್ದ ವಿದ್ಯೆ. ನೋಡಿ ಬಂದು ಮಚ್ಚು ಹಿಡಿಯಬೇಡಿ. ಗಾಯದಿಂದ ರೋಗ ಹೊಕ್ಕರೆ ಮರಕ್ಕೆ ಬರಗಾಲಕ್ಕಿಂತ ಹೆಚ್ಚಿನ ಕೇಡು.

ಇನ್ನೊಂದು ಮೂಲ ಆಳದ ಬೇರು. ಬಂಡೀಪುರದ ಮೂಲೆಹೊಳೆಯಲ್ಲಿ ಸುಮಾರು ನಾಲ್ಕು ಚದರ ಕಿಲೋಮೀಟರ್ ಜಲಾನಯನವನ್ನು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಜೊತೆಯಾಗಿ ಅಳೆಯುತ್ತ ಬಂದಿದ್ದಾರೆ. ವರ್ಷಕ್ಕೆ 1100 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಮರಗಳ ಮೂಲಕ, ನೆಲದ ಮೂಲಕ ಆವಿಯಾಗಿಯೇ ಹೋಗುತ್ತದೆ. ಹೊಳೆಗೆ, ಅಂತರ್ಜಲಕ್ಕೆ ಸಿಗುವುದು ಸಣ್ಣ ಪಾಲು. ಮಣ್ಣಿನ ಕೆಳಗೆ ಕೊಳೆತು ಮೆತ್ತಗಾದ ಬಂಡೆಯ ದಪ್ಪ ಪದರವಿದೆ. ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಮರಗಳ ಬೇರು ಅಲ್ಲಿಗೂ ಇಳಿಯುತ್ತದೆ. ಏಪ್ರಿಲ್‌ನ ಚಿಗುರಿನಲ್ಲಿ ಹಿಂದಿನ ವರ್ಷದ, ಅದಕ್ಕೂ ಹಿಂದಿನ ವರ್ಷದ ಮಳೆಯೂ ಇರಬಹುದು.

ಹಾಗಾದರೆ ಆಳಕ್ಕೆ ಬೇರಿಳಿಸಿದವರೇ ಜಾಣರು ಎನ್ನಬೇಕಲ್ಲವೇ? ಪಕ್ಕದ ಮುದುಮಲೆಯಲ್ಲಿ 1988ರಿಂದ 50 ಹೆಕ್ಟೇರ್ ತಾಕಿನಲ್ಲಿ ಒಂದು ಸೆಂಟಿಮೀಟರ್ ದಪ್ಪ ಮೀರಿದ ಪ್ರತಿಯೊಂದು ಕಾಂಡಕ್ಕೂ ನಂಬರ್ ಕಟ್ಟಿ ಲೆಕ್ಕ ಇಟ್ಟಿದ್ದಾರೆ. ಆ ದಾಖಲೆಯನ್ನು ನೀರಿನ ಲೆಕ್ಕದ ಜೊತೆ ಕೂಡಿಸಿ ನೋಡಿದಾಗ ಚಿತ್ರ ತಿರುವುಮುರುವಾಯಿತು. ಮೇಲ್ಪದರದ ನೀರು ನಂಬಿದ ಜಾತಿಗಳು ವರ್ಷ ವರ್ಷದ ಮಳೆಗೆ ಏಳುತ್ತ ಬೀಳುತ್ತ ಇರುತ್ತವೆ. ಆಳದ ನೀರು ನಂಬಿದವು ಒಂದೆರಡು ಕೆಟ್ಟ ವರ್ಷಗಳನ್ನು ಗಮನಿಸುವುದೇ ಇಲ್ಲ. ಆದರೆ ಆಳದ ತೊಟ್ಟಿ ತುಂಬುವುದು ನಿಧಾನ. ಬರ ವರ್ಷಗಟ್ಟಲೆ ಎಳೆದು ಆ ತೊಟ್ಟಿ ಬರಿದಾದರೆ, ಅಷ್ಟು ದಿನ ಹಾಯಾಗಿದ್ದ ಮರಗಳೇ ಪೆಟ್ಟು ತಿನ್ನುತ್ತವೆ. ಫಿಕ್ಸೆಡ್ ಡಿಪಾಸಿಟ್ ಮುರಿದು ತಿಂದವರ ಪಾಡು.

ಮಳೆಗೆ ಮೊದಲೇ ಚಿಗುರುವ ಅವಸರವೇಕೆ ಎಂಬುದಕ್ಕೂ ಮುದುಮಲೆಯಲ್ಲೇ ಒಂದು ಉತ್ತರ ಸಿಕ್ಕಿದೆ. ಮುರಳಿ ಮತ್ತು ಸುಕುಮಾರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಣ ಕಾಲದಲ್ಲೇ ಬೇಗ ಚಿಗುರಿದ ಮರಗಳ ಎಲೆಗಳಿಗೆ ಹುಳು ಹೊಡೆತ ಕಡಿಮೆ; ಮಳೆಯ ಜೊತೆ ಚಿಗುರಿದವುಗಳಿಗೆ ಹೆಚ್ಚು. ಹುಳುಗಳು ಮಳೆಯೊಂದಿಗೆ ಹೆಚ್ಚುವ ಹೊತ್ತಿಗೆ ಬೇಗ ಬಂದ ಎಲೆ ಬಲಿತು ಗಟ್ಟಿಯಾಗಿರುತ್ತದೆ. ನೀರಿನ ದುಬಾರಿ ಖರ್ಚಿಗೆ ಸಿಗುವ ಲಾಭ ಅದು.

ಸಭೆಯ ಪ್ರಶ್ನೆಗಳಲ್ಲಿ ಮೂರು

ನೀಲಗಿರಿ ಮರ ನೆಲದ ನೀರೆಲ್ಲ ಕುಡಿಯುತ್ತದೆ ಎನ್ನುವುದು ನಿಜವೇ? ಶಿವಮೊಗ್ಗ ಕಡೆಯ ದೇವಬಾಳ, ಪುರದಾಳು ಮತ್ತು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ ಹಿಂದೆ ಅಳತೆ ನಡೆದಿದೆ. ಮಳೆಗಾಲ ಮುಗಿದು ಮಣ್ಣು ಹಸಿಯಿರುವಾಗ ದಿನಕ್ಕೆ 6 ಮಿಲಿಮೀಟರ್‌ವರೆಗೆ ಬೆವರುವ ನೀಲಗಿರಿ, ಮುಂಗಾರಿಗೆ ಮುಂಚಿನ ಒಣ ದಿನಗಳಲ್ಲಿ 1 ಮಿಲಿಮೀಟರ್‌ಗೆ ಇಳಿಯುತ್ತದೆ. ಅಂದರೆ ಕದ ಹಾಕಲು ಅದಕ್ಕೂ ಬರುತ್ತದೆ. ಮಣ್ಣಿನ ಆಳ ಮೂರು ಮೀಟರ್‌ನಷ್ಟಿದ್ದ ಕಡೆ ವರ್ಷದ ಒಟ್ಟು ಬಳಕೆ ನಾಟಿ ಕಾಡಿನದಕ್ಕಿಂತ ಬೇರೆಯಾಗಿರಲಿಲ್ಲ. ಮಣ್ಣು ಆಳವಿದ್ದ ಹೊಸಕೋಟೆಯಲ್ಲಿ ಮಾತ್ರ ಎಳೆಯ ತೋಪು ಬಿದ್ದ ಮಳೆಗಿಂತ ಹೆಚ್ಚು ಬಳಸಿತ್ತು, ಬೇರು ವರ್ಷವರ್ಷವೂ ಕೆಳಕ್ಕೆ ಹೋಗಿ ಹಳೆಯ ನೀರು ತೆಗೆಯುತ್ತಿತ್ತು. ಎಲ್ಲಿ ನೆಟ್ಟಿದ್ದೀರಿ ಎಂಬುದನ್ನು ಬಿಟ್ಟು ಈ ಪ್ರಶ್ನೆಗೆ ಹೌದು, ಇಲ್ಲ ಎನ್ನಲಾಗದು.

ಮಾವಿನ ಮರದ ಬಂದಳಿಕೆ ಬೇಸಿಗೆಯಲ್ಲಿ ಹೆಚ್ಚು ಕೆಡುಕೇ? ಹೌದು. ಬಂದಳಿಕೆಗೆ ನೀರು ಪುಕ್ಕಟೆ. ಆಶ್ರಯ ಕೊಟ್ಟ ಮರ ಕದ ಹಾಕಿದಾಗಲೂ ಅದು ಸಾಮಾನ್ಯವಾಗಿ ತೆರೆದುಕೊಂಡೇ ಇರುತ್ತದೆ. ತನ್ನ ಎಳೆತವನ್ನು ಮರದ್ದಕ್ಕಿಂತ ಹೆಚ್ಚಿಟ್ಟುಕೊಂಡು ಸೆಳೆಯುತ್ತದೆ. ಬರೀ ಎಲೆ ಸವರಿದರೆ ಮತ್ತೆ ಚಿಗುರುತ್ತದೆ. ಅಂಟಿದ ಜಾಗದಿಂದ ಮರದ ಕಡೆಗೆ ಒಂದು ಗೇಣು ಬಿಟ್ಟು, ಆ ರೆಂಬೆಯನ್ನೇ ಕತ್ತರಿಸಬೇಕು. ಬೇಸಿಗೆ ಬಲಿಯುವ ಮುನ್ನ, ಬಂದಳಿಕೆಯ ಹಣ್ಣು ಹಕ್ಕಿಗೆ ಸಿಗುವ ಮುನ್ನ.

ಬೋಳಾಗಿ ನಿಂತ ಮರ ಬದುಕಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ? ಬೆರಳಿಗಿಂತ ತೆಳ್ಳಗಿನ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಕೆಳಗೆ ಹಸಿರು, ಒದ್ದೆ ಇದ್ದರೆ ಜೀವ ಇದೆ. ಕಂದು, ಒಣ ಇದ್ದರೆ ಆ ರೆಂಬೆ ಹೋಯಿತು. ಅಷ್ಟಕ್ಕೇ ಮರ ಸತ್ತಿತು ಎನ್ನಬೇಡಿ, ಕೆಳಗಿನ ದಪ್ಪ ಕೊಂಬೆಯಲ್ಲಿ, ಆಮೇಲೆ ಕಾಂಡದ ಬುಡದ ಹತ್ತಿರ ಇದೇ ರೀತಿ ಸಣ್ಣದಾಗಿ ಕೆರೆದು ನೋಡಿ. ಮೊಗ್ಗು ಕಿತ್ತು ಅಡ್ಡ ಸೀಳಿ, ಒಳಗೆ ಹಸಿರಿದೆಯೇ ನೋಡಿ. ಮರದಿಂದ ಮರಕ್ಕೆ ಚಿಗುರುವ ಹೊತ್ತು ಬೇರೆ: ಹೊಂಗೆ ಮಾರ್ಚ್–ಏಪ್ರಿಲ್‌ಗೇ ಬಂದರೆ, ತೇಗ ಭರಣಿ ಮಳೆಗೋ ಮುಂಗಾರಿನ ಹನಿಗೋ ಕಾಯುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಕೊಡಲಿ ಎತ್ತಬೇಡಿ, ಎರಡು ಹದ ಮಳೆ ಆಗಲಿ. ತುದಿ ಒಣಗಿದ ತೇಗ ಆಗಲೂ ಬುಡದಿಂದ ಚಿಗುರು ಕೊಡುವುದುಂಟು. ನಾಲ್ಕಾರು ಚಿಗುರು ಬಂದರೆ ನೆಟ್ಟಗಿರುವ, ನೆಲಕ್ಕೆ ಹತ್ತಿರದ ಒಂದನ್ನು ಇಟ್ಟುಕೊಂಡು ಉಳಿದವನ್ನು ತೆಗೆಯಿರಿ.